ಭೀಮೆಯ ಕಡೆಯ ಮೆಥೋಡಿಸ್ಟರು

ಶಿರವಾಳಕ್ಕೆ ಹೊರಗಿನವರು ಬರುವುದು ಹಳೆಯ ಗುಡಿಗಳನ್ನು ನೋಡಲಿಕ್ಕೆ. ಶಹಾಪುರ ತಾಲ್ಲೂಕಿನ ಈ ಊರಿನ ಕಲ್ಲುಗುಡಿಗಳು, ಮೆಟ್ಟಿಲ ಬಾವಿಗಳು ಸಾವಿರ ವರ್ಷದ ಆಚೀಚಿನ ಕಾಲಕ್ಕೆ ಸೇರಿದವು. ಇಂಥ ನೆಲದಲ್ಲಿ ನೂರು ವರ್ಷದ ಕಟ್ಟಡವನ್ನು ಯಾರೂ ಹಳೆಯದೆನ್ನುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮೆಥೋಡಿಸ್ಟ್ ಚರ್ಚುಗಳು ಪ್ರವಾಸಿ ಕೈಪಿಡಿಗಳಲ್ಲಿ ಕಾಣದಿರುವುದಕ್ಕೆ ಅದೂ ಒಂದು ಕಾರಣ. ಕ್ರಿಸ್‌ಮಸ್ ಮುಗಿದ ಮೇಲೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ದೀಪಾಲಂಕಾರದ ಒಂದು ಚಿತ್ರ ಬಂದರೆ ಆ ವರ್ಷದ ಬಾಬತ್ತು ಮುಗಿಯಿತು.

ಆದರೆ ಈ ಚರ್ಚುಗಳ ಫಲಕದಲ್ಲೇ ಒಂದು ಒಗಟು ಇದೆ. ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚನ್ನು ಕಟ್ಟಿದವರು ಮೆಥೋಡಿಸ್ಟರು. ಮೈಸೂರಿನ ಹಾರ್ಡ್ವಿಕ್ ಶಾಲೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅವರದೇ ಕೆಲಸ. ಕನ್ನಡ ನಾಡಿಗೆ ಮೊದಲು ಬಂದ ಮೆಥೋಡಿಸ್ಟರೂ ಅವರೇ. ಈಗ ಆ ಯಾವ ಚರ್ಚಿನ ಫಲಕದಲ್ಲೂ ಮೆಥೋಡಿಸ್ಟ್ ಎಂದು ಬರೆದಿಲ್ಲ, ಸಿ.ಎಸ್.ಐ. ಎಂದಿದೆ. ಅರ್ಧ ಶತಮಾನಕ್ಕೂ ತಡವಾಗಿ ಬಂದವರು ಕಟ್ಟಿದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರಿನ ಚರ್ಚುಗಳ ಮೇಲೆ ಮಾತ್ರ ಆ ಹೆಸರು ಉಳಿದಿದೆ. ಇದಕ್ಕೆ ಕಾರಣವಾದ ತೀರ್ಮಾನಗಳಲ್ಲಿ ಒಂದೂ ಭೀಮೆ-ಕೃಷ್ಣೆಯರ ನಡುವೆ ಆದದ್ದಲ್ಲ. ಒಂದು ಹೈದರಾಬಾದಿನ ಒಪ್ಪಂದ, ಇನ್ನೊಂದು ಮುಂಬಯಿಯಿಂದ ಹೊರಟ ರೈಲುಮಾರ್ಗ, ಉಳಿದವು ಸಭೆಗಳಲ್ಲಿ ಬಿದ್ದ ಮತಗಳು.

ಮೊದಲು ಕಟ್ಟಡದ ಮಾತು. ಮೆಥೋಡಿಸ್ಟ್ ಪಂಥಕ್ಕೆ ಹುಟ್ಟುವಾಗ ಕಟ್ಟಡವೇ ಬೇಕಿರಲಿಲ್ಲ. ಜಾನ್ ವೆಸ್ಲಿ ಇಂಗ್ಲೆಂಡಿನ ರಾಜಮುದ್ರೆಯ ಚರ್ಚಿನಲ್ಲೇ ದೀಕ್ಷೆ ಪಡೆದ ಪಾದ್ರಿ, ಸಾಯುವತನಕವೂ ಅದೇ ಚರ್ಚಿನವ. 1739ರಲ್ಲಿ ಬ್ರಿಸ್ಟಲ್ ಹತ್ತಿರ ಬಯಲಿನಲ್ಲಿ ನಿಂತು ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಪ್ರಸಂಗ ಮಾಡಲು ತೊಡಗಿದ. ಭಾನುವಾರದ ಆರಾಧನೆಗೆ ಜನ ತಮ್ಮ ಊರಿನ ಹಳೆಯ ಚರ್ಚಿಗೇ ಹೋಗಬೇಕು, ಮಿಕ್ಕ ಹೊತ್ತು ತನ್ನ ಕೂಟಕ್ಕೆ ಬರಬೇಕು ಎಂಬುದು ಅವನ ಲೆಕ್ಕ. ಹಾಗಾಗಿ ಅದೇ ವರ್ಷ ಬ್ರಿಸ್ಟಲ್ಲಿನಲ್ಲಿ ಎದ್ದ ಮೊದಲ ಕಟ್ಟಡಕ್ಕೆ ಅವನು ಚರ್ಚು ಎಂದು ಹೆಸರಿಡಲಿಲ್ಲ. ಅದು ‘ನ್ಯೂ ರೂಮ್’, ಹೊಸ ಕೋಣೆ. ಕೆಳಗೆ ಪ್ರಸಂಗದ ಹಜಾರ, ಮೇಲೆ ಬೋಧಕರು ತಂಗುವ ಕೋಣೆಗಳು. ಬೆಳಕು ಬರುವುದು ಮಾಳಿಗೆಯ ಎಂಟು ಮೂಲೆಯ ಗಾಜಿನ ಗೂಡಿನಿಂದ. ಮೇಲಿನ ಕೋಣೆಯಿಂದ ಬಗ್ಗಿ ನೋಡಿದರೆ ಕೆಳಗಿನ ಬೋಧಕ ಹೇಗೆ ಮಾತಾಡುತ್ತಿದ್ದಾನೆಂದು ಗೊತ್ತಾಗುವಂತೆ ಕಿಟಕಿ. ಶಿಷ್ಯರ ಮೇಲೆ ವೆಸ್ಲಿಯ ಕಣ್ಣು ಹೇಗಿತ್ತು ಎಂಬುದನ್ನು ಆ ಕಿಟಕಿಯೇ ಹೇಳುತ್ತದೆ.

1757ರಲ್ಲಿ ನಾರ್ವಿಚ್ ಪಟ್ಟಣದಲ್ಲಿ ಬೇರೆ ಪಂಗಡದವರ ಅಷ್ಟಕೋನದ ಪ್ರಾರ್ಥನಾಲಯ ಕಂಡು ವೆಸ್ಲಿ ಮರುಳಾದ. ಎಂಟು ಮೂಲೆಯಲ್ಲಿ ಯಾರೂ ಬೋಧಕನಿಂದ ತೀರ ದೂರ ಕೂರುವುದಿಲ್ಲ, ಮಾತು ಎಲ್ಲರಿಗೂ ಕೇಳುತ್ತದೆ. ಜಾಗ ಒದಗಿದ ಕಡೆ ಹೀಗೆಯೇ ಕಟ್ಟಿ ಎಂದು ತನ್ನವರಿಗೆ ನಿಯಮ ಬರೆದುಕೊಟ್ಟ. ಅದೇ ನಿಯಮಾವಳಿಯಲ್ಲಿ ಇನ್ನೂ ಕೆಲವು ಮಾತುಗಳಿವೆ: ಸಿರಿವಂತರಿಗೆಂದು ಬಾಗಿಲು ಹಾಕಿದ ಆಸನಗಳಿರಕೂಡದು, ಬೆಂಚಿಗೆ ಒರಗು ಬೇಡ, ನಟ್ಟನಡುವೆ ಒಂದು ಕಟಕಟೆ ಹಾಯಿಸಿ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಕೂರಿಸಬೇಕು. ಇಂಗ್ಲೆಂಡಿನಲ್ಲಿ ಇವೆಲ್ಲ ಬೇಗನೆ ಸಡಿಲವಾದವು. 1778ರಲ್ಲಿ ಲಂಡನ್ನಿನ ಸಿಟಿ ರೋಡಿನಲ್ಲಿ ವೆಸ್ಲಿಯ ಕಣ್ಣೆದುರೇ ಎದ್ದ ಚಾಪೆಲ್ ಅಷ್ಟಕೋನವೂ ಅಲ್ಲ, ಬಡವೂ ಅಲ್ಲ.

ಈ ಪಂಥವನ್ನು ಹಿಂದೂಸ್ಥಾನಕ್ಕೆ ತರಬೇಕೆಂದು ಹಟ ಹಿಡಿದವನು ವೆಸ್ಲಿಯ ಬಲಗೈಯಂತಿದ್ದ ಥಾಮಸ್ ಕೋಕ್. 1814ರಲ್ಲಿ ಹಡಗಿನಲ್ಲೇ ತೀರಿಕೊಂಡ. ಅವನ ಜೊತೆ ಹೊರಟವರು ಸಿಂಹಳ ಮುಟ್ಟಿದರು. ಅಲ್ಲಿಂದ ಮದರಾಸು, ಮದರಾಸಿನಿಂದ 1821ರಲ್ಲಿ ಎಲೈಜಾ ಹೂಲ್ ಮತ್ತು ಜೇಮ್ಸ್ ಮೊವಾಟ್ ಬೆಂಗಳೂರಿಗೆ ಬಂದರು. ಬಂದದ್ದು ದಂಡಿನ ತಮಿಳರ ನಡುವೆ ಕೆಲಸ ಮಾಡಲಿಕ್ಕೆ. ಕನ್ನಡದ ಸರದಿ ಬರಲು ಇನ್ನೂ ಹದಿನೈದು ವರ್ಷ ಹಿಡಿಯಿತು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಹೂಡಿದ. ಸಂತೆಗೆ, ಜಾತ್ರೆಗೆ ಹೋಗಿ ನಿಲ್ಲುವುದು, ಕೇಳುವವರೊಡನೆ ವಾದ ಮಾಡುವುದು. ಎರಡು ವರ್ಷದ ಮೇಲೆ ಬಂದು ಸೇರಿದ ವಿಲಿಯಂ ಆರ್ಥರ್ ಕಣ್ಣು ಕೆಟ್ಟು 1841ರಲ್ಲಿ ಊರಿಗೆ ಮರಳಿ ಆ ದಿನಗಳ ಮೇಲೆ ಪುಸ್ತಕವನ್ನೇ ಬರೆದ. ಇವರಿಗೆ ಕಟ್ಟಡಕ್ಕಿಂತ ಅಚ್ಚಿನ ಮೊಳೆಯ ಮೇಲೆ ಹೆಚ್ಚು ಒಲವಿತ್ತೆಂದು ನನಗೆ ಅನ್ನಿಸುತ್ತದೆ. 1840ರಲ್ಲಿ ಬೆಂಗಳೂರಿನಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಜಾನ್ ಗ್ಯಾರೆಟ್ 1849ರಲ್ಲಿ ಅಲ್ಲಿಂದ ಹೊರತಂದದ್ದು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಇದ್ದ ಭಗವದ್ಗೀತೆ. ಮಿಷನ್ನಿನ ಪ್ರೆಸ್ಸಿನಿಂದ ಗೀತೆ. ರೀವ್ ಮಾಡಿದ ಕನ್ನಡ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿದ್ದು 1858ರಲ್ಲಿ. ಮೈಸೂರಿನಲ್ಲಿ ಹೆನ್ರಿ ಹೇಗ್ ‘ವೃತ್ತಾಂತ ಪತ್ರಿಕೆ’ ತೆಗೆದದ್ದು 1887ರಲ್ಲಿ.

ಕಟ್ಟಡ ಬಂದಾಗ ಅದರ ಮೇಲೆ ಕಾಲದ ರುಚಿ ಅಚ್ಚೊತ್ತಿತು. ಬೆಂಗಳೂರು ದಂಡಿನ ಈಸ್ಟ್ ಪರೇಡ್ ಚರ್ಚು 1865ರದು. ಮುಂದೆ ದುಂಡು ಕಂಬಗಳ ಪಡಸಾಲೆ, ಮೇಲೆ ತ್ರಿಕೋನದ ಮುಂಗಟ್ಟು, ಒಟ್ಟಿನಲ್ಲಿ ರೋಮನ್ ಗುಡಿಯ ಗತ್ತು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ವೆಸ್ಲಿಯನ್ನರೆಂದು ಕರೆಸಿಕೊಳ್ಳುತ್ತಿದ್ದ ಈ ಮೆಥೋಡಿಸ್ಟರು ಈ ಶೈಲಿಯನ್ನು ಬಿಡತೊಡಗಿದ್ದರು. 1850ರಲ್ಲಿ ಎಫ್. ಜೆ. ಜಾಬ್ಸನ್ ಎಂಬ ವೆಸ್ಲಿಯನ್ ಬೋಧಕ ಚಾಪೆಲ್ ಕಟ್ಟುವ ಬಗೆಯ ಮೇಲೆ ಪುಸ್ತಕ ಬರೆದು, ದೇವರ ಮನೆ ನಾಟಕಶಾಲೆಯ ಹಾಗೆ ಕಾಣಬಾರದು, ಗಾಥಿಕ್ ಶೈಲಿಯೇ ಸರಿ ಎಂದು ವಾದಿಸಿದ್ದ. ಮೊನೆಯಾದ ಕಮಾನು, ಇಳಿಜಾರು ಸೂರು, ಉದ್ದನೆಯ ಕಿಟಕಿ. ದಂಡಿನ ಸಾಹೇಬರು ಹಳೆಯ ರುಚಿಗೆ ಅಂಟಿಕೊಂಡರು, ಪೇಟೆಯ ಕನ್ನಡಿಗರ ಸಭೆಗೆ ಜಾಬ್ಸನ್ ವಾದ ಫಲಿಸಿತು. ಶಿಕ್ಷಣಕ್ಕೆ ದುಡಿದ ಜೋಸಾಯಾ ಹಡ್ಸನ್ ನೆನಪಿನಲ್ಲಿ 1904ರಲ್ಲಿ ಎದ್ದ ಹಡ್ಸನ್ ಸ್ಮಾರಕ ಚರ್ಚು ಗಾಥಿಕ್: ಕಲ್ಲಿನ ಗೋಡೆ, ಮೊನೆಗಮಾನಿನ ಕಿಟಕಿ, ಬಣ್ಣದ ಗಾಜು. ಇಂದು ಕಾರ್ಪೊರೇಷನ್ ಎದುರಿನ ವೃತ್ತಕ್ಕೆ ಹಡ್ಸನ್ ಸರ್ಕಲ್ ಎನ್ನುವವರಲ್ಲಿ ಅದು ಯಾರ ಹೆಸರೆಂದು ಬಲ್ಲವರು ಕಡಿಮೆ.

ಒಂದು ಸೂಕ್ಷ್ಮ ಇಲ್ಲಿದೆ. ಗಾಥಿಕ್ ಚರ್ಚು ಮೂಲದಲ್ಲಿ ಮೆರವಣಿಗೆಗೆ, ಪೂಜೆಗೆ ಹೇಳಿಮಾಡಿಸಿದ ಕಟ್ಟಡ: ಕಿರಿದಾಗಿ ಉದ್ದಕ್ಕೆ ಸಾಗಿ, ಕಟ್ಟಕಡೆಗೆ ಬಲಿಪೀಠ. ವೆಸ್ಲಿ ಕಂಡ ಕನಸು ಅದಕ್ಕೆ ತದ್ವಿರುದ್ಧ. ನಡುವೆ ಮಾತು, ಸುತ್ತ ಕಿವಿ. ಮೆಥೋಡಿಸ್ಟರು ಗಾಥಿಕ್ ಹೊದಿಕೆ ಹೊದ್ದರೂ ಒಳಗೆ ಪ್ರಸಂಗಪೀಠದ ಎತ್ತರ ಇಳಿಸಲಿಲ್ಲ, ವಿಗ್ರಹ ತರಲಿಲ್ಲ. ಭೋಜನದ ಮೇಜಿನ ಮುಂದೆ ಮಂಡಿಯೂರಲು ಒಂದು ಕಟಕಟೆ, ಅಷ್ಟೇ. ಇನ್ನು ಹಾಡು. ಜಾನನ ತಮ್ಮ ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಮಿಕ್ಕ ಕೀರ್ತನೆ ಬರೆದವ. ಹಾಡದ ಮೆಥೋಡಿಸ್ಟ್ ಸಭೆ ಎಂಬುದಿಲ್ಲ.

ಈಗ ಇತ್ತ ಬರೋಣ. ಈ ಕಥೆಯಲ್ಲಿ ಮೂವರು ಟೇಲರ್‌ಗಳಿದ್ದಾರೆ; ನೆಂಟರಲ್ಲ, ಒಬ್ಬೊಬ್ಬರದೂ ಬೇರೆಯೇ ದಾರಿ. ಮೊದಲನೆಯವನು ಸುರಪುರದವರಿಗೆ ಚೆನ್ನಾಗಿ ಗೊತ್ತಿರುವ ಮೆಡೋಸ್ ಟೇಲರ್. 1840ರ ದಶಕದಿಂದ 1853ರವರೆಗೆ ಅಪ್ರಾಪ್ತ ದೊರೆಯ ಪರವಾಗಿ ಸಂಸ್ಥಾನ ನೋಡಿಕೊಂಡವ, ಗುಡ್ಡದ ಮೇಲೆ ಟೇಲರ್ ಮಂಜಿಲ್ ಕಟ್ಟಿಸಿದವ, ಈ ಸೀಮೆಯ ಹಳೆಯ ಕಲ್ಲುಗೋರಿಗಳನ್ನು ಅಗೆದು ಬರೆದವ. ಮಿಷನರಿಯ ಕೆಲಸ ಅವನದಲ್ಲ. ಆದರೂ ಇಲ್ಲಿ ಅವನು ಬರಲೇಬೇಕು, ಏಕೆಂದರೆ ಅವನೇ ಬೆಳೆಸಿದ ಹುಡುಗ ನಾಲ್ವಡಿ ವೆಂಕಟಪ್ಪ ನಾಯಕ 1858ರಲ್ಲಿ ಕಂಪನಿಯ ವಿರುದ್ಧ ತಿರುಗಿ ಬಿದ್ದ, ಸೆರೆಯಾದ, ಗುಂಡೇಟಿಗೆ ಸತ್ತ. ಸಂಸ್ಥಾನ ಬ್ರಿಟಿಷರ ಕೈಸೇರಿತು. 1860ರ ಒಪ್ಪಂದದಲ್ಲಿ ಅವರು ರಾಯಚೂರು ದೋಆಬನ್ನು ನಿಜಾಮನಿಗೆ ಹಿಂದಿರುಗಿಸಿದರು, ದಂಗೆಯ ಕಾಲದಲ್ಲಿ ನಿಷ್ಠೆಯಿಂದಿದ್ದುದಕ್ಕೆ ಇನಾಮಾಗಿ ಸುರಪುರವನ್ನೂ ಸೇರಿಸಿ ಕೊಟ್ಟರು.

ಇದರ ಪರಿಣಾಮ ಮಿಷನ್‌ಗಳ ನಕ್ಷೆಯ ಮೇಲೂ ಆಯಿತು. ಧಾರವಾಡ, ಹುಬ್ಬಳ್ಳಿ, ವಿಜಯಪುರದ ಕಡೆ ಬಾಸೆಲ್ ಮಿಷನ್ನಿನವರು. ಬಳ್ಳಾರಿ, ಬೆಳಗಾವಿಯಲ್ಲಿ ಲಂಡನ್ ಮಿಷನ್. ಮೈಸೂರು ಸೀಮೆ ವೆಸ್ಲಿಯನ್ನರದು. ಒಬ್ಬರು ಬೇಸಾಯಕ್ಕಿಳಿದ ಹೊಲಕ್ಕೆ ಇನ್ನೊಬ್ಬರು ಕಾಲಿಡಬಾರದು ಎಂಬ ಒಡಂಬಡಿಕೆ ಇವರೊಳಗೆ ಬೆಳೆಯುತ್ತ ಹೋಯಿತು. ನಿಜಾಮನ ಕನ್ನಡ ಸೀಮೆ ಮಾತ್ರ ಬಹುಮಟ್ಟಿಗೆ ಖಾಲಿ ಇತ್ತು. ಅದಕ್ಕೆ ಬಂದವರು ಎಲ್ಲರಿಗಿಂತ ತಡವಾಗಿ ಈ ಕಡೆ ಇಳಿದ ಅಮೆರಿಕನ್ನರು.

ಎರಡನೆಯ ಟೇಲರ್ ಆಗ ಕಾಣಿಸಿಕೊಂಡ. ವಿಲಿಯಂ ಟೇಲರ್ ಚಿನ್ನದ ಗಣಿಯ ಹುಚ್ಚು ಹಿಡಿದ ಕಾಲದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೀದಿಯಲ್ಲಿ ನಿಂತು ಪ್ರಸಂಗ ಮಾಡಿದವ. ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆ 1856ರಿಂದ ಉತ್ತರದಲ್ಲಿ, ಬರೇಲಿ ಲಖನೌ ಕಡೆ, ಇತ್ತು. 1870ರಲ್ಲಿ ಅಲ್ಲಿಗೆ ಬಂದ ಟೇಲರ್ ಸಿಕ್ಕ ರೈಲು ಹತ್ತಿ ಮುಂಬಯಿ, ಕಲ್ಕತ್ತ, ಮದರಾಸು ಎಂದು ತಿರುಗಿ 1874ರಲ್ಲಿ ಬೆಂಗಳೂರು ಮುಟ್ಟಿದ. ಅಮೆರಿಕದಿಂದ ಹಣ ತರಿಸಬಾರದು, ಸಭೆಯೇ ಬೋಧಕನ ಹೊಟ್ಟೆ ಹೊರೆಯಬೇಕು ಎಂಬುದು ಅವನ ಪಟ್ಟು. ಹೀಗಾಗಿ ಅವನ ಸಭೆಗಳು ಮೊದಲು ಹುಟ್ಟಿದ್ದು ಸಂಬಳದ ಜನರ ನಡುವೆ: ಆಂಗ್ಲೋ-ಇಂಡಿಯನ್ನರು, ರೈಲ್ವೆ ನೌಕರರು, ಗುಮಾಸ್ತರು. ರಿಚ್ಮಂಡ್ ಟೌನಿನ ಮೆಥೋಡಿಸ್ಟ್ ಚರ್ಚು ಆ ಸಾಲಿನದು. 1880ರ ಬಾಲ್ಡ್ವಿನ್ ಶಾಲೆಗಳಿಗೆ ಒಹಾಯೋದ ಬಾಲ್ಡ್ವಿನ್ ಎಂಬ ಧಣಿಯ ಹಣ ಬಂದಾಗ ಟೇಲರ್ ಪಟ್ಟು ಸಡಿಲವಾಗಿತ್ತು. 1876ರಲ್ಲಿ ಇವರ ದಕ್ಷಿಣ ಭಾರತ ಕಾನ್ಫರೆನ್ಸ್, ಅಂದರೆ ಪ್ರಾಂತೀಯ ಆಡಳಿತ ಸಭೆ, ಏರ್ಪಟ್ಟಿತು.

ರೈಲಿನ ಮಾತು ಬಂತು. 1871ರಲ್ಲಿ ಮುಂಬಯಿ ಕಡೆಯ ಹಳಿ ಕಲಬುರಗಿ, ವಾಡಿ, ಯಾದಗಿರಿ ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿಕೊಂಡಿತು. ಮೂರು ವರ್ಷದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಹಳಿ. ಅಮೆರಿಕನ್ ಮೆಥೋಡಿಸ್ಟರ ದೊಡ್ಡ ಠಾಣ್ಯಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಕಲಬುರಗಿ, ಯಾದಗಿರಿ, ರಾಯಚೂರು, ವಿಕಾರಾಬಾದ್ ಎಲ್ಲವೂ ಹಳಿಯ ಮೇಲಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಡಿ. ಒ. ಅರ್ನ್ಸ್‌ಬರ್ಗರ್‌ನಂಥವರು ಕಲಬುರಗಿಯಲ್ಲಿ ಕನ್ನಡದಲ್ಲೇ ಕೆಲಸ ನಡೆಸಿದರು. ಶಹಾಪುರ, ಸುರಪುರಗಳಿಗೆ ಇಂದಿಗೂ ರೈಲಿಲ್ಲ. ಯಾದಗಿರಿಯಲ್ಲಿಳಿದು ಭೀಮೆ ದಾಟಿ ಬಂಡಿಯಲ್ಲೋ ಕುದುರೆಯಲ್ಲೋ ಬರಬೇಕಿತ್ತು. ಹೀಗಾಗಿ ಯಾದಗಿರಿ ಮಿಷನ್ನಿನ ಊರಾಯಿತು. ಅಲ್ಲಿನ ಮಿಷನ್ ಆಸ್ಪತ್ರೆ ಟೆನ್ನೆಸ್ಸಿ ಸೀಮೆಯ ಹೋಲ್ಸ್ಟನ್ ಕಾನ್ಫರೆನ್ಸಿನ ಹೆಸರು ಹೊತ್ತಿತು. ಹೊಳೆಯಾಚೆಯ ಹಳ್ಳಿಗಳು ಚಳಿಗಾಲದ ಸಂಚಾರದ ಪಟ್ಟಿಗೆ ಸೇರಿದವು. ಮಿಷನರಿ ಗುಡಾರ ಹೊತ್ತು ಸುತ್ತುತ್ತಿದ್ದ. ಉಳಿದ ತಿಂಗಳುಗಳಲ್ಲಿ ಸಭೆ ನಡೆಸುತ್ತಿದ್ದವರು ಕನ್ನಡದ ಬೋಧಕರು, ಬೈಬಲ್ ಹೆಂಗಸರು. ವರದಿಗಳಲ್ಲಿ ಮಿಷನರಿಯ ಹೆಸರು ದಪ್ಪ ಅಕ್ಷರದಲ್ಲಿ, ಇವರದು ಪಟ್ಟಿಯಲ್ಲಿ.

ಇಲ್ಲಿ ಸಭೆ ಸೇರಿದವರು ರೈಲ್ವೆ ಗುಮಾಸ್ತರಲ್ಲ. ಬಹುಪಾಲು ಹೊಲೆಯ, ಮಾದಿಗ ಕೇರಿಗಳ ಜನ. ಆದ್ದರಿಂದ ಹಳ್ಳಿಯ ಚರ್ಚು ಅಗಸಿಯ ಬಳಿ ನಿಲ್ಲಲಿಲ್ಲ, ಕೇರಿಯಲ್ಲೋ ಅದರ ಅಂಚಿನಲ್ಲೋ ನಿಂತಿತು. ಇಂಥ ಕಟ್ಟಡದ ವಾಸ್ತುವನ್ನು ನಕ್ಷೆಯಿಂದ ಓದುವುದಕ್ಕಿಂತ ಜಾಗದಿಂದ ಓದಬೇಕು. ಮೊದಲಿಗೆ ಬೇವಿನ ಮರದ ನೆರಳು, ಆಮೇಲೆ ಮಣ್ಣಿನ ಗೋಡೆಯ ಒಂದು ಕೋಣೆ. ವಾರದ ದಿನ ಅದೇ ಶಾಲೆ, ಭಾನುವಾರ ಆರಾಧನೆ, ಮಾಸ್ತರನೇ ಬೋಧಕ. ಊರ ಶಾಲೆಯ ಪಡಸಾಲೆಗೆ ಸೇರಿಸದ ಮಕ್ಕಳು ಅಕ್ಷರ ತಿದ್ದಿದ್ದು ಇಂಥ ಕೋಣೆಗಳಲ್ಲಿ. ಬ್ರಿಸ್ಟಲ್ಲಿನ ಹೊಸ ಕೋಣೆಗೂ ಇದಕ್ಕೂ ಹತ್ತಿರದ ಬಂಧುತ್ವ ಇದೆ. ಗಾಥಿಕ್ ಮಧ್ಯಕಾಲವನ್ನು ಹಾರಿ ಬಂದು ವೆಸ್ಲಿಯ ಮೂಲ ಯೋಚನೆಯನ್ನೇ ತಲುಪಿದ ಕಟ್ಟಡ ಇದು, ತಿಳಿದು ಮಾಡಿದ್ದಲ್ಲ, ಬಡತನ ಮಾಡಿಸಿದ್ದು.

ಆಮೇಲೆ ಕಲ್ಲು ಬಂತು. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಸುರಪುರ, ಶಹಾಪುರದ ಗುಡ್ಡಗಳೆಲ್ಲ ಬಂಡೆ, ನೆಲಕ್ಕೆ ಶಹಾಬಾದಿನ ಫರ್ಸಿ. ಊರ ಮನೆಗಳು ಮಾಳಿಗೆ ಮನೆಗಳು, ಸಪಾಟು ಸೂರಿನವು. ಅವುಗಳ ನಡುವೆ ತಗಡಿನದೋ ಹಂಚಿನದೋ ಇಳಿಜಾರು ಸೂರು ಎದ್ದರೆ, ಮೇಲೆ ಶಿಲುಬೆ ಇಡದಿದ್ದರೂ ದೂರದಿಂದಲೇ ಗೊತ್ತಾಗುತ್ತಿತ್ತು. ಒಳಗೆ ಉದ್ದ ಹಜಾರ, ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಒಂದೆರಡು ಮೆಟ್ಟಿಲೆತ್ತರದ ಕಟ್ಟೆ. ಕಟ್ಟೆಯ ಮೇಲೆ ಪ್ರಸಂಗಪೀಠ, ಕರ್ತನ ಭೋಜನದ ಮೇಜು, ಮುಂದೆ ಮಂಡಿಯೂರುವ ಕಟಕಟೆ. ಬೆಂಚಿಲ್ಲದ ಕಡೆ ಜಮಖಾನೆ. ಚಪ್ಪಲಿ ಹೊರಗೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ವೆಸ್ಲಿಯ ಸ್ವಂತ ನಾಡಿನಲ್ಲಿ ಅಳಿದುಹೋದ ಆ ನಿಯಮ ಇಲ್ಲಿ ಉಳಿದಿರುವುದು ವೆಸ್ಲಿಯ ಮೇಲಿನ ಭಕ್ತಿಯಿಂದಲ್ಲ. ಭಜನೆಗೆ, ಪುರಾಣಕ್ಕೆ ನಮ್ಮ ಜನ ಮೊದಲಿಂದ ಕೂರುವ ರೀತಿಯೇ ಅದು. ಹಾರ್ಮೋನಿಯಂ, ತಬಲಾ, ತಾಳ ಬಂದದ್ದೂ ಆ ಭಜನೆಯ ಕಟ್ಟೆಯಿಂದಲೇ. ತತ್ವಪದದ ಸೀಮೆಯಲ್ಲಿ ಹಾಡಲು ಕಲಿಸುವ ಅಗತ್ಯ ಚಾರ್ಲ್ಸ್ ವೆಸ್ಲಿಗೂ ಬೀಳುತ್ತಿರಲಿಲ್ಲ.

ಕಟ್ಟಡವಿಲ್ಲದೆ ಸೇರುವ ಹಳೆಯ ಚಟವೂ ಬಿಡಲಿಲ್ಲ. ಅಮೆರಿಕದ ಗಡಿನಾಡುಗಳಲ್ಲಿ ಮೆಥೋಡಿಸ್ಟರು ಕಾಡಿನ ಅಂಚಿಗೆ ಬಂಡಿ ಕಟ್ಟಿಕೊಂಡು ಹೋಗಿ, ಗುಡಾರ ಹೊಡೆದು, ದಿನಗಟ್ಟಲೆ ಪ್ರಸಂಗ ಕೇಳುತ್ತಿದ್ದರು. ಅದು ಇಲ್ಲಿಗೆ ಬಂದಾಗ ಜಾತ್ರೆಯಾಯಿತು. ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ 1923ರಿಂದ ನವೆಂಬರ್ ತಿಂಗಳಲ್ಲಿ ನಡೆಯುವ ಕ್ರೈಸ್ತ ಜಾತ್ರೆಗೆ ಕರ್ನಾಟಕದ ಕಡೆಯಿಂದಲೂ ಜನ ಹೋಗುತ್ತಾರೆ, ಡೇರೆ ಹಾಕಿ, ಒಲೆ ಹೂಡಿ, ಕುಟುಂಬ ಸಮೇತ.

ಇನ್ನು ಹೆಸರಿನ ಒಗಟು. ಇಂಗ್ಲೆಂಡಿನ ಮೆಥೋಡಿಸ್ಟ್ ಪಂಗಡಗಳು 1932ರಲ್ಲಿ ಒಂದಾದವು, ‘ವೆಸ್ಲಿಯನ್’ ಎಂಬ ಗುರುತು ಆಗಲೇ ಹೋಯಿತು. ಹದಿನೈದು ವರ್ಷದ ಮೇಲೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್ನರು, ಲಂಡನ್ ಮಿಷನ್ ಮೊದಲಾದವರು ಹಿಂದೆಯೇ ಕೂಡಿ ಕಟ್ಟಿಕೊಂಡಿದ್ದ ಸಂಯುಕ್ತ ಸಭೆ, ಇಂಗ್ಲಿಷ್ ಮೂಲದ ಮೆಥೋಡಿಸ್ಟರು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., ಆಯಿತು. ಹಡ್ಸನ್ ಚರ್ಚು, ಈಸ್ಟ್ ಪರೇಡ್, ಮೈಸೂರು, ತುಮಕೂರು, ಹಾಸನ ಎಲ್ಲ ಅದರೊಳಗೆ ಹೋದವು. ಅಮೆರಿಕನ್ನರ ಸಭೆ ಹೊರಗೆ ಉಳಿಯಿತು. ಅದಕ್ಕೆ ದಕ್ಷಿಣದಷ್ಟೇ ಉತ್ತರದಲ್ಲೂ ಬೇರಿತ್ತು, ಅರ್ಧ ದೇಹವನ್ನು ಒಂದು ಐಕ್ಯಕ್ಕೆ ಕೊಡುವುದು ಸುಲಭವಿರಲಿಲ್ಲ. ಉತ್ತರದ ಐಕ್ಯಕ್ಕೆ ಮಾತುಕತೆ ವರ್ಷಗಟ್ಟಲೆ ನಡೆದು ಎಲ್ಲ ಮುಗಿಯಿತೆನ್ನುವಾಗ, 1970ರ ಆಗಸ್ಟಿನಲ್ಲಿ ಮೆಥೋಡಿಸ್ಟರು ಒಲ್ಲೆವೆಂದರು. ನವೆಂಬರಿನಲ್ಲಿ ನಾಗಪುರದಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಅವರಿಲ್ಲದೆಯೇ ಹುಟ್ಟಿತು. 1981ರ ಜನವರಿಯಲ್ಲಿ ಅವರು ಅಮೆರಿಕದ ಆಡಳಿತದಿಂದ ಬಿಡಿಸಿಕೊಂಡು ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂದು ಸ್ವತಂತ್ರರಾದರು, ಕೇಂದ್ರ ಕಚೇರಿ ಮುಂಬಯಿ.

ಈ ನಡುವೆ ಹಳ್ಳಿಯ ಸಭೆಗಳಿಗೆ ತಟ್ಟಿದ ಏಟು ಬೇರೆಯದು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಕ್ರೈಸ್ತರಾದ ದಲಿತರನ್ನು ಹೊರಗಿಟ್ಟಿತು. ಅಂದಿನಿಂದ ಚರ್ಚಿನ ದಾಖಲೆಯಲ್ಲಿರುವ ಹೆಸರಿಗೂ ಸರ್ಕಾರಿ ಕಾಗದದಲ್ಲಿರುವ ಹೆಸರಿಗೂ ನಡುವೆ ಒಂದು ಕುಟುಂಬ ಏನೆಲ್ಲ ಲೆಕ್ಕ ಹಾಕಬೇಕಾಗುತ್ತದೆ ಎಂಬುದನ್ನು ಈ ಸೀಮೆಯಲ್ಲಿ ಬಾಳಿದವರಿಗೆ ವಿವರಿಸಬೇಕಿಲ್ಲ.

ಆಸ್ತಿಯ ಏರ್ಪಾಡೂ ಹಳೆಯ ಕಟ್ಟಡಗಳ ಹಣೆಬರಹ ಬರೆಯುತ್ತದೆ. ಮೆಥೋಡಿಸ್ಟ್ ಪದ್ಧತಿಯಲ್ಲಿ ಚರ್ಚು ಅಲ್ಲಿ ಕೂಡುವ ಸಭೆಯ ಸ್ವತ್ತಲ್ಲ. ಇಡೀ ಪಂಗಡದ ಹೆಸರಿನಲ್ಲಿ ಇರುತ್ತದೆ. ಬೋಧಕರನ್ನು ಬಿಷಪ್ಪರು ಕಾನ್ಫರೆನ್ಸಿನಲ್ಲಿ ನೇಮಿಸುತ್ತಾರೆ, ವರ್ಗ ಮಾಡುತ್ತಾರೆ. ಗೋಡೆ ಒಡೆದು ಹೊಸದು ಕಟ್ಟುವ ಉಮೇದು ಬಂದರೆ ಅದರ ಕಾಗದಪತ್ರ ಊರಾಚೆ ಹೋಗಿ ಬರಬೇಕು. ಊರಿನವರಿಗೆ ಅದು ಕಿರಿಕಿರಿ. ಹಳೆಯ ಕಲ್ಲಿನ ಗೋಡೆಗಳ ಪಾಲಿಗೆ ಈ ವಿಳಂಬ ಒಮ್ಮೊಮ್ಮೆ ಒಳ್ಳೆಯದೇ ಮಾಡುತ್ತದೆ. ಕಾಂಕ್ರೀಟಿನ ಎರಡು ಗೋಪುರ, ಹೊಳೆಯುವ ಟೈಲ್ಸು ಬರುವುದು ಅಷ್ಟು ವರ್ಷ ಮುಂದಕ್ಕೆ ಹೋಗುತ್ತದೆ.

ಮೂರನೆಯ ಟೇಲರ್ ಉಳಿದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ಕನ್ನಡದ ಕೆಲಸಕ್ಕೆ ಅಡಿಪಾಯ ಹಾಕಿದ. ಅಲ್ಲಿ ಪಳಗಿದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಹೋಗಿ ಅದೇ ಮಿಷನ್ನಿನ ಇನ್ನೊಂದು ನೆಲೆ ಕಟ್ಟಿದ. ಎಂಬತ್ತು ವರ್ಷಕ್ಕೂ ಮಿಕ್ಕಿ ಎರಡೂ ಒಂದೇ ಮನೆಯವು. 1904ರಲ್ಲಿ ಲಂಡನ್ನಿನವರು ಬೆಳಗಾವಿಯ ಕೆಲಸವನ್ನು ಅಮೆರಿಕನ್ ಮೆಥೋಡಿಸ್ಟರಿಗೆ ವಹಿಸಿ ಕೈತೊಳೆದುಕೊಂಡರು. ಕಲಬುರಗಿಯ ಅರ್ನ್ಸ್‌ಬರ್ಗರ್ ಅಲ್ಲಿಯೂ ದುಡಿದ. ಬಳ್ಳಾರಿಯನ್ನು ಕೊಡಲಿಲ್ಲ. ಅದರಿಂದ ಬಳ್ಳಾರಿಯ ಸಭೆ 1947ರಲ್ಲಿ ಸಿ.ಎಸ್.ಐ. ಆಯಿತು. ಮೆಥೋಡಿಸ್ಟನೇ ಅಲ್ಲದ ಜೋಸೆಫ್ ಟೇಲರ್ ಕಟ್ಟಿದ ಬೆಳಗಾವಿಯ ಸಭೆ ಯಾದಗಿರಿ, ಶಹಾಪುರಗಳ ಸಾಲಿಗೆ ಸೇರಿ ಇಂದಿಗೂ ಮೆಥೋಡಿಸ್ಟ್ ಆಗಿದೆ.